ಕುದುರೆ ಹಿಡಿದವನೂ ಉಪ್ಪು ತರಹೋದವನೂ

ನಮ್ಮೂರಿನಲ್ಲಿ ನೆಟ್ಟಗೆ ನಿಂತ ಮನುಷ್ಯ ಇದುವರೆಗೆ ಹುಟ್ಟಿಲ್ಲ. ಹಾಗಂತ ನಮ್ಮನ್ನು ಕಳ್ಳರು ಸುಳ್ಳರು ಅಂದುಕೊಳ್ಳಬೇಡಿ. ಸುಳ್ಳು ಹೇಳುವವರು ಇದ್ದಾರೆ, ಅವರಲ್ಲಿ ನಾನು ಮೊದಲಿಗನೂ ಹೌದು, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮೂರಿನ ನೆಲ ವಾಲುತ್ತದೆ, ಅಷ್ಟೇ. ಒಂದು ದಿನ ಗಾಣದ ಕೇರಿಯ ಕಡೆಗೆ, ಒಂದು ದಿನ ಬಾವಿ ಕೇರಿಯ ಕಡೆಗೆ. ನಮ್ಮ ಮನೆಗಳಲ್ಲಿ ಹೊಯ್ದ ದೋಸೆ ಒಂದು ಕಡೆ ಹಪ್ಪಳದಂತೆ, ಇನ್ನೊಂದು ಕಡೆ ಹಾಸಿಗೆಯಂತೆ ಇರುತ್ತದೆ. ತಟ್ಟೆಯಲ್ಲಿಟ್ಟ ಮುದ್ದೆ ಉರುಳಿ, ಹೊಸಿಲು ದಾಟಿ, ಬೀದಿ ದಾಟಿ ಎದುರು ಮನೆಯವರ ಸಾರಿಗೆ ಬೀಳುವುದುಂಟು. ಬಿದ್ದ ಮುದ್ದೆ ಸಾರಿನ ಯಜಮಾನನದ್ದೇ ಅಂತ ಪಂಚಾಯಿತಿಯಲ್ಲಿ ತೀರ್ಮಾನವಾಗಿ ಎಷ್ಟೋ ಕಾಲವಾಯಿತು. ಹೆಂಡ ಕುಡಿದವರು ಮಾತ್ರ ನಮ್ಮಲ್ಲಿ ಸರಾಗ ನಡೆಯುತ್ತಾರೆ. ಯಾರಾದರೂ ಅತ್ತಿತ್ತ ಓಲಾಡದೆ ಬರುತ್ತಿದ್ದರೆ ಹೆಂಡತಿಯಾದವಳು ಬಾಗಿಲಲ್ಲೇ ಪೊರಕೆ ಹಿಡಿದು ನಿಲ್ಲುತ್ತಾಳೆ.

ನಾನು ಜವರಪ್ಪ, ಬೆಣೆ ಜವರಪ್ಪ. ಮಂಚದ ಕಾಲಿಗೆ, ಒಲೆಯ ಗುಂಡಿಗೆ, ತೊಟ್ಟಿಲಿಗೆ, ದೇವರ ಪೀಠಕ್ಕೆ ಬೆಣೆ ಕೆತ್ತಿ ಕೊಡುವುದು ನನ್ನ ಕಸುಬು. ನಾನು ಕೆತ್ತಿದ ಒಂದು ಬೆಣೆಯನ್ನು ಪಡುವಣ ಬೆಟ್ಟದ ಬುಡಕ್ಕೆ ಇಟ್ಟ ಮೇಲೆ ಆ ಬೆಟ್ಟ ಇವತ್ತಿಗೂ ಅಲುಗಾಡಿಲ್ಲ. ಬೇಕಾದರೆ ಹೋಗಿ ನೋಡಿ. ಹೊಸದಾಗಿ ಮದುವೆಯಾದವರಿಗೆ ಮಾತ್ರ ನಾನು ಬೆಣೆ ಮಾರುವುದಿಲ್ಲ. ಅವರಿಬ್ಬರೂ ಒಂದೇ ಕಡೆಗೆ ಉರುಳಲಿ ಅನ್ನುವ ಧರ್ಮಬುದ್ಧಿ ನನಗೆ ಮೊದಲಿನಿಂದಲೂ ಇದೆ.

ನೆಲ ವಾಲುವುದು ಇಬ್ಬರು ಗಂಡಸರ ದೆಸೆಯಿಂದ. ಇಬ್ಬರೂ ಪುಸ್ತಕದ ಗಂಡಸರು. ನಮ್ಮ ಗಾಣದ ಕೇರಿಯವರದು ಅಚಲರಾಯ ಚರಿತೆ, ಬಾವಿ ಕೇರಿಯವರದು ಹಾರುಗೆಂಚನ ಪದ. ಓಲೆಗರಿಗಳನ್ನು ಹಿಂದೆ ಯಾವುದೋ ಆಡು ತಿಂದುಹಾಕಿ, ತಿಂದ ಆಡನ್ನು ಊರವರು ತಿಂದುಹಾಕಿ, ಎರಡು ಕಾವ್ಯವೂ ಈಗ ಬಾಯಲ್ಲೇ ಇವೆ. ಸಂಜೆಯಾದರೆ ಊರ ನಡುವಿನ ಕಟ್ಟೆಯ ಮೇಲೆ ಎರಡು ಕೇರಿಯ ಓದುಗರು ಬಂದು ಕೂರುತ್ತಾರೆ. ಓದುಗರು ಅನ್ನುವುದು ಹೆಸರಿಗೆ, ಓದಲು ಏನೂ ಇಲ್ಲವಲ್ಲ. ನಮ್ಮವನು ಅಚಲರಾಯನನ್ನು ಹೊಗಳಿ ಕೆಂಚನನ್ನು ಜರೆಯುತ್ತಾನೆ, ಅವರವನು ಕೆಂಚನನ್ನು ಹೊಗಳಿ ಅಚಲರಾಯನನ್ನು ಜರೆಯುತ್ತಾನೆ. ಯಾರ ನಾಯಕ ಮೇಲಾದನೋ ಆ ಕೇರಿ ಅವನ ತೂಕಕ್ಕೆ ಕೆಳಗಾಗುತ್ತದೆ. ಕಟ್ಟೆಯ ಪಕ್ಕದ ಕೊಳದ ನೀರು ಗೆದ್ದ ಕೇರಿಗೆ ಹರಿಯುತ್ತದೆ. ಸೋತ ಕೇರಿಯ ಬಚ್ಚಲ ನೀರೂ ಅಲ್ಲಿಗೇ ಹರಿಯುತ್ತದೆ. ಹಾಗಾಗಿ ಗೆದ್ದವರು ಮೂಗು ಮುಚ್ಚಿಕೊಂಡು ಬೀಗುತ್ತಾರೆ.

ಅಚಲರಾಯ ಎಂಥವನು ಅಂದರೆ, ರಾಜಕುಮಾರ. ಪಟ್ಟಾಭಿಷೇಕದ ಬೆಳಿಗ್ಗೆ ಬೇಟೆಗೆ ಹೋಗಿ ಬರುವಾಗ ದಾರಿ ಕೂಡುವ ಕಡೆ ಯಾರೋ ಅಪರಿಚಿತ ಬಂದು, ಒಂದು ಗಳಿಗೆ ಈ ಕುದುರೆ ಹಿಡಿದುಕೊಂಡಿರು ಅಂತ ಲಗಾಮು ಕೈಗಿಟ್ಟು ಹೋದ. ಹೋದವನು ಬರಲಿಲ್ಲ. ಅಚಲರಾಯ ಹಿಡಿದುಕೊಂಡೇ ನಿಂತ. ರಾಜ್ಯ ತಮ್ಮನ ಪಾಲಾಯಿತು, ನಿಂತ. ಶತ್ರು ದಂಡು ಅವನ ಕಂಕುಳ ಕೆಳಗೆ ಹಾದುಹೋಯಿತು, ನಿಂತ. ಕುದುರೆ ಮುದಿಯಾಗಿ ಸತ್ತು ಎಲುಬಾಯಿತು, ಎಲುಬಿನ ಲಗಾಮು ಬಿಡದೆ ನಿಂತ. ಇಷ್ಟು ಕೇಳಿದರೆ ನಮ್ಮ ಕೇರಿಯ ಗಂಡಸರ ಎದೆ ಉಬ್ಬಿ ಅಂಗಿಯ ಗುಂಡಿ ಹಾರುತ್ತವೆ. ಹಾರಿದ ಒಂದು ಗುಂಡಿ ನನ್ನ ಕಣ್ಣೆದುರಿಗೇ ಒಂದು ಕಾಗೆಯನ್ನು ಕೆಡವಿದೆ.

ಹಾರುಗೆಂಚನ ವಿಷಯ ನಮಗೆ ಗೊತ್ತಿದ್ದದ್ದು ಒಂದೇ: ಅವನು ಎಲ್ಲಿಯೂ ನಿಲ್ಲುವುದಿಲ್ಲ. ಹೆಂಡತಿ ಉಪ್ಪು ತಾ ಅಂತ ಕಳಿಸುತ್ತಾಳೆ, ಅವನು ಊರೂರು ಅಲೆಯುತ್ತಾನೆ, ಕಂಡಕಂಡ ರಾಜರಿಗೆ ಆಣೆ ಇಟ್ಟು ಬೆಳಕು ಹರಿಯುವುದರೊಳಗೆ ಗೋಡೆ ಹಾರುತ್ತಾನೆ. ಇದಕ್ಕಿಂತ ಹೆಚ್ಚಿಗೆ ನಮಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ? ಎದುರು ಕೇರಿಯವರು ಬಾಯಿ ತೆರೆದ ಕೂಡಲೇ ನಾವು ಕಿವಿಗೆ ಅರಳೆ ತುರುಕಿಕೊಳ್ಳುತ್ತೇವೆ. ಅವರೂ ಹಾಗೆಯೇ. ಅದು ಹಿಂದಿನಿಂದ ಬಂದ ಮರ್ಯಾದೆ. ಮಗುವಿಗೆ ಕಿವಿ ಚುಚ್ಚಿಸುವ ದಿನವೇ ಅಜ್ಜಿಯರು ಅರಳೆಯ ಉಂಡೆಯನ್ನೂ ಕೊಡುತ್ತಾರೆ. ಹೀಗೆ ತಲೆತಲಾಂತರದಿಂದ ನಮ್ಮೂರಿನ ಜನ ಇಬ್ಬರು ಮಹಾಪುರುಷರನ್ನು ತೂಗಿ ನೋಡಿ, ಒಬ್ಬರಿಗೊಬ್ಬರು ಮಣ್ಣು ಮುಕ್ಕಿಸಿ, ಊರನ್ನೇ ಏತದಂತೆ ಆಡಿಸಿದ್ದಾರೆ. ಎದುರಿನವನ ಕಥೆ ಏನು ಅಂತ ಒಬ್ಬನೂ ಕೇಳಿಸಿಕೊಂಡವನಲ್ಲ.

ನಮ್ಮ ಕೇರಿಯ ಓದುಗ ನನ್ನ ಸೋದರಮಾವ ದ್ಯಾಮಣ್ಣ, ನಮ್ಮವ್ವನ ಕಿರಿ ತಮ್ಮ. ವಯಸ್ಸಿನಲ್ಲಿ ನನಗಿಂತ ನಾಲ್ಕು ಮಳೆ ಹೆಚ್ಚು, ಎತ್ತರದಲ್ಲಿ ಒಂದು ಮೊಳ ಹೆಚ್ಚು, ಬುದ್ಧಿಯಲ್ಲಿ ನನ್ನಷ್ಟೇನಿಲ್ಲ. ಅವನ ಗಂಟಲಿಗೆ ಮಾತ್ರ ನಾನೂ ಕೈ ಮುಗಿಯುತ್ತೇನೆ. ಅಚಲರಾಯ ಲಗಾಮು ಹಿಡಿಯುವ ಭಾಗ ಬಂದಾಗ ಮಾವ ಬಲಗೈ ಮುಂದೆ ಚಾಚಿ ಮುಷ್ಟಿ ಕಟ್ಟಿದನೆಂದರೆ ಕಾವ್ಯ ಮುಗಿಯುವ ತನಕ ಆ ಕೈ ಇಳಿಯದು. ಒಮ್ಮೆ ಗುಬ್ಬಿ ಬಂದು ಅವನ ತೋಳಿನ ಮೇಲೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮರಿಗಳಿಗೂ ಮದುವೆ ಮಾಡಿ ಹೋಯಿತು. ಬಾವಿ ಕೇರಿಯ ಓದುಗಾರ್ತಿ ಸಣ್ಣತಾಯಿ. ಹೆಂಗಸು ಕಟ್ಟೆ ಹತ್ತಿದ್ದು ಅವಳೇ ಮೊದಲು. ಅವಳಪ್ಪ ಉಗ್ರಪ್ಪನೇ ಹಳೆಯ ಓದುಗ, ಹಲ್ಲೆಲ್ಲ ಬಿದ್ದು ಕೆಂಚನ ಸಾಹಸಗಳು ಬರೀ ಉಗುಳಾಗಿ ಹೊರಬೀಳತೊಡಗಿದ ಮೇಲೆ ಮಗಳನ್ನು ಕೂರಿಸಿದ. ಅವಳು ಕೂತ ಮಾರನೆಯ ದಿನದಿಂದಲೇ ಕೊಳದ ನೀರು ಅವರ ಕಡೆಗೆ ಜಾಸ್ತಿ ಹರಿಯತೊಡಗಿತು.

ಇವರಿಬ್ಬರ ನಡುವೆ ಪ್ರೀತಿ ಹುಟ್ಟಿದ್ದನ್ನು ಊರಿನಲ್ಲಿ ಮೊದಲು ಕಂಡವನು ನಾನೇ. ಹುಟ್ಟಿದ್ದು ಹೇಗೆ ಅಂತ ಕೇಳಿದರೆ ನಗು ಬರುತ್ತದೆ. ಅವಳು ಹೇಳುವಾಗ ಮಾವನ ಕಿವಿಯಲ್ಲಿ ಅರಳೆ, ಮಾವ ಹೇಳುವಾಗ ಅವಳ ಕಿವಿಯಲ್ಲಿ ಅರಳೆ. ಒಬ್ಬರ ಮಾತು ಒಬ್ಬರಿಗೆ ಒಂದಕ್ಷರ ಬೀಳದು. ಅವನು ನೋಡಿದ್ದು ಅವಳ ಕೈಗಳನ್ನು. ಗೋಡೆ ಹಾರುವ ಕೈ, ಕಾವಲಿನವನ ಜೇಬಿನಿಂದ ಕೀಲಿ ಎಗರಿಸುವ ಬೆರಳು, ಆಣೆ ಇಡುತ್ತ ಹಿಂದೆ ಸರಿಯುವ ಹೆಜ್ಜೆ. ಅವಳು ನೋಡಿದ್ದು ಇಳಿಯದ ಆ ಒಂದು ತೋಳನ್ನು. ಇಷ್ಟರ ಮೇಲೆ ಮನಸ್ಸು ಕೊಟ್ಟರು. ಅರಳೆ ಇಲ್ಲದಿದ್ದರೆ ಮೊದಲ ವಾರವೇ ಜಗಳವಾಡಿ ಬೇರೆಯಾಗುತ್ತಿದ್ದರು ಅಂತ ನಮ್ಮ ಲಕ್ಕಜ್ಜಿ ಈಗಲೂ ಹೇಳುತ್ತಾಳೆ. ಲಕ್ಕಜ್ಜಿ ಅಂದರೆ ಮಾವನ ತಾಯಿ, ನನ್ನ ಅಜ್ಜಿ, ಉಪ್ಪಿನಕಾಯಿ ಜಾಡಿಯನ್ನು ಹೊಟ್ಟೆಗೆ ಅಪ್ಪಿಕೊಂಡೇ ಮಲಗುವ ಹೆಂಗಸು.

ಕೇರಿಯೊಳಗೆ ಮದುವೆಯಾದರೆ ಏನೂ ತಕರಾರಿಲ್ಲ. ಒಂದು ಕೇರಿಯಿಂದ ಇನ್ನೊಂದಕ್ಕೆ ಆದರೆ ಹಾಲುಬಟ್ಟಲು ಇಡಬೇಕು. ಬೀಗರು ತಮಗಿಂತ ಎತ್ತರದಲ್ಲಿ ಕೂತರೆ ಯಾರು ಸಹಿಸಿಯಾರು? ಆದ್ದರಿಂದ ಊರು ಸಮನಾಗಿರುವ ಹೊತ್ತಿನಲ್ಲೇ ಧಾರೆಯಾಗಬೇಕು. ಧಾರೆಗೆಂದು ಕಟ್ಟೆಯ ಮೇಲೆ ಬಟ್ಟಲಿನ ಕಂಠದ ತನಕ ಹಾಲು ತುಂಬಿ ಇಡುತ್ತಾರೆ. ಎರಡು ಕೇರಿಯ ಓದುಗರೂ ತಂತಮ್ಮ ನಾಯಕನನ್ನು ಹೊಗಳಬೇಕು. ಹೊಗಳಿಕೆ ಸರಿಸಮ ಬಿದ್ದು, ಹಾಲು ತೊಟ್ಟೂ ಚೆಲ್ಲದಿದ್ದರೆ ಅದೇ ಹಾಲಿನಲ್ಲಿ ಧಾರೆ ಎರೆಯುವುದು. ಚೆಲ್ಲಿತೋ, ಆ ಸಂಬಂಧವನ್ನು ಆಮೇಲೆ ಬಾಯಲ್ಲಿ ಎತ್ತುವಂತಿಲ್ಲ. ನಮ್ಮ ಮುತ್ತಜ್ಜನ ಕಾಲದಲ್ಲಿ ಒಂದು ಮದುವೆ ಹೀಗೆ ನಡೆದಿತ್ತಂತೆ, ಅದೂ ಎರಡು ಕಡೆಯ ಓದುಗರಿಗೂ ಅವತ್ತೇ ನೆಗಡಿ ಹಿಡಿದು ಗಂಟಲು ಕಟ್ಟಿದ್ದರಿಂದ.

ಹೆಣ್ಣು ಕೇಳಲು ನಾನೇ ಹೋದೆ. ನನ್ನಂಥ ಮಾತುಗಾರನನ್ನು ಬಿಟ್ಟು ಯಾರನ್ನು ಕಳಿಸುತ್ತಾರೆ? ಉಗ್ರಪ್ಪ ಎಲೆ ಅಡಿಕೆ ಕುಟ್ಟುತ್ತ ಎಲ್ಲವನ್ನೂ ಕೇಳಿ, ಬರುವ ಹುಣ್ಣಿಮೆ ಸಂಜೆಗೆ ಬಟ್ಟಲು ಇಡಿ ಅಂದ. ಹಾಲು ಚೆಲ್ಲಿದರೆ ಅದೇ ಚಪ್ಪರದಲ್ಲಿ, ಅದೇ ಅಡುಗೆಯಲ್ಲಿ ಮಗಳನ್ನು ತಮ್ಮ ಕೇರಿಯ ಮೀಸೆ ಬಸವಲಿಂಗುವಿಗೆ ಧಾರೆ ಎರೆಯುವುದಾಗಿಯೂ ಹೇಳಿದ. ಅಡುಗೆ ದಂಡವಾಗಬಾರದಲ್ಲ ಅಂತ. ಬಸವಲಿಂಗುವಿನ ಮೀಸೆಯ ಮೇಲೆ ಎರಡು ನಿಂಬೆಹಣ್ಣು ಕೂರುತ್ತವೆ, ಎಷ್ಟು ವಾಲಿದರೂ ಬೀಳುವುದಿಲ್ಲ. ಅದನ್ನು ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಹೊಗಳಿಕೆ ಸಮ ಬೀಳಬೇಕಾದರೆ ತಾಲೀಮು ಆಗಬೇಕು ಅಂತ ಉಪಾಯ ಹೇಳಿದವನೂ ನಾನೇ. ಊರೆಲ್ಲ ಉಂಡು ಮಲಗಿದ ಮಧ್ಯಾಹ್ನದಲ್ಲಿ ಕೊಳದ ಮೆಟ್ಟಿಲ ಮೇಲೆ ಇಬ್ಬರನ್ನೂ ಕೂರಿಸಿದೆ. ನಡುವೆ ಒಂದು ತಟ್ಟೆ ನೀರು ಹಿಡಿದು ನಾನು ಕೂತೆ. ತಟ್ಟೆಯ ನೀರು ನೋಡಿ ಯಾರು ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಅಂತ ಹೇಳುವುದು ನನ್ನ ಕೆಲಸ. ಆದರೆ ಒಬ್ಬರು ಎಷ್ಟು ಹೊಗಳಿದರು ಅಂತ ಇನ್ನೊಬ್ಬರಿಗೆ ಗೊತ್ತಾಗಬೇಡವೇ? ಸಣ್ಣತಾಯಿ ಸುತ್ತ ನೋಡಿ, ಕಿವಿಯಿಂದ ಅರಳೆ ತೆಗೆದು ಮಡಿಲಿಗೆ ಹಾಕಿಕೊಂಡಳು. ಮಾವನ ಮುಖ ಕೆಂಪಾಯಿತು, ಅವಳು ಎಲ್ಲರೆದುರು ಜಡೆ ಬಿಚ್ಚಿದಳೇನೋ ಅನ್ನುವ ಹಾಗೆ. ಆಮೇಲೆ ಅವನೂ ತೆಗೆದ.

ಅವಳು ಮೊದಲಿನಿಂದ ಶುರು ಮಾಡಿದಳು. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಉಪ್ಪಿಲ್ಲ. ಹೆಂಡತಿ ಕೆಂಚನನ್ನು ಎಬ್ಬಿಸಿ ಕಳಿಸುತ್ತಾಳೆ. ಕೆಂಚ ಕುದುರೆ ಏರಿ ಹೊರಡುತ್ತಾನೆ. ಹಳ್ಳದ ಆಚೆಗೆ ಅಂಗಡಿ, ಹಳ್ಳಕ್ಕೆ ಒಂದೇ ಮರದ ದಿಮ್ಮಿಯ ಸಂಕ, ಕುದುರೆ ದಾಟದು. ಪಕ್ಕದಲ್ಲಿ ಬನ್ನಿಮರ, ಬನ್ನಿಮರದ ಹತ್ತಿರ ಯಾವನೋ ಬೆಪ್ಪ ನಿಂತಿದ್ದಾನೆ. ಒಂದು ಕಿವಿ ಹರಿದ ತನ್ನ ಬಿಳಿ ಕುದುರೆಯ ಲಗಾಮನ್ನು ಆ ಬೆಪ್ಪನ ಕೈಗೆ ಕೊಟ್ಟು ಕೆಂಚ ಸಂಕ ದಾಟುತ್ತಾನೆ.

ಮಾವ ಕೈ ಎತ್ತಿ ನಿಲ್ಲಿಸಿದ. ಯಾವ ಕಿವಿ ಅಂತ ಕೇಳಿದ. ಎಡಗಿವಿ ಅಂದಳು. ನಮ್ಮ ಅಚಲರಾಯ ಹಿಡಿದ ಕುದುರೆಯ ಎಡಗಿವಿ ಹರಿದಿತ್ತು ಅನ್ನುವುದು ನಮ್ಮ ಕೇರಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬನ್ನಿಮರವೂ ಗೊತ್ತು.

"ಅದು ಬೆಪ್ಪ ಅಲ್ಲ," ಅಂದ ಮಾವ, ತೀರ ಮೆಲ್ಲಗೆ. "ಅದು ಅಚಲರಾಯ."

ಸಣ್ಣತಾಯಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಡ ಅವಳಿಗೆ ನಗು ಉಕ್ಕಿತು. ತಡೆಯಲು ನೋಡಿದಳು, ಸೆರಗು ಬಾಯಿಗೆ ತುರುಕಿಕೊಂಡಳು, ಆಗಲಿಲ್ಲ. ಒಬ್ಬ ಯುವರಾಜ ಪಟ್ಟ ಬಿಟ್ಟು, ರಾಜ್ಯ ಬಿಟ್ಟು ಆಯುಸ್ಸೆಲ್ಲ ನಿಂತದ್ದು ಉಪ್ಪು ಕೊಳ್ಳಲು ಹೋದ ಒಬ್ಬ ಗಂಡನಿಗಾಗಿ. "ಮರ ಪಕ್ಕದಲ್ಲೇ ಇತ್ತಲ್ಲ ಮಾರಾಯ," ಅಂದಳು, ಕಣ್ಣು ಒರೆಸಿಕೊಳ್ಳುತ್ತ, "ಕಟ್ಟಿ ಮನೆಗೆ ಹೋಗಬಾರದಿತ್ತೇ ನಿಮ್ಮ ರಾಯ?"

"ಹಿಡಿದುಕೊಂಡಿರುತ್ತೇನೆ ಅಂತ ಮಾತು ಕೊಟ್ಟದ್ದು. ಕಟ್ಟುತ್ತೇನೆ ಅಂತ ಅಲ್ಲ."

ಅವಳು ಇನ್ನೂ ಜೋರಾಗಿ ನಕ್ಕಳು. ಮಾವ ಎದ್ದು ನಿಂತ. ನಂಬಿ ಕೊಟ್ಟ ಕುದುರೆಯನ್ನು ಮರೆತು ಊರೂರು ತಿರುಗಿದ ಭಂಡನ ಹೆಸರಿನಲ್ಲಿ ಇಷ್ಟು ವರ್ಷ ನಮ್ಮ ಪಾಲಿನ ನೀರು ಕಸಿದಿದ್ದೀರಲ್ಲ ಅಂತ ಅಂದ. ಅವಳ ನಗು ನಿಂತಿತು. ಆ ಭಂಡ ಕಡೆಗೆ ಮನೆಗಾದರೂ ಬಂದ, ನಿಮ್ಮವನನ್ನು ಕಾದವರು ಯಾರಾದರೂ ಇದ್ದರೆ ಅವರಿಗೆ ಸಿಕ್ಕಿದ್ದೇನು ಅಂತ ಅವಳು ಕೇಳಿದಳು. ನೆಲ ಆ ಕಡೆ ಈ ಕಡೆ ಎಂಥ ಜೋಲಿ ಹೊಡೆಯಿತೆಂದರೆ ತಟ್ಟೆಯ ನೀರೆಲ್ಲ ನನ್ನ ಮೇಲೆ, ಕೊಳದ ಮೀನುಗಳು ಮೆಟ್ಟಿಲ ಮೇಲೆ, ದೂರದಲ್ಲಿ ಲಕ್ಕಜ್ಜಿಯ ಶಾಪ ಗಾಳಿಯ ಮೇಲೆ. ಇಬ್ಬರೂ ಅರಳೆ ತುರುಕಿಕೊಂಡು ತಂತಮ್ಮ ಕೇರಿಗೆ ನಡೆದರು. ನಾನು ಎರಡು ಮೀನು ಹಿಡಿದುಕೊಂಡು ಮನೆಗೆ ಹೋದೆ. ದುಃಖದಲ್ಲಿಯೂ ಹೊಟ್ಟೆ ಕೇಳುತ್ತದೆ.

ಅವತ್ತಿನಿಂದ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟ ಬಿಟ್ಟ, ತಾಲೀಮು ಬಿಟ್ಟ. ನಾನು ಎರಡು ಮನೆಯ ನಡುವೆ ಸುದ್ದಿ ಹೊತ್ತು ಓಡಾಡಿದೆ. ಅವಳು ಅತ್ತು ಅತ್ತು ಬಾವಿಯ ನೀರು ಉಪ್ಪಾಗಿದೆ ಅಂತ ಇವನಿಗೆ ಹೇಳಿದೆ, ಇವನ ನಿಟ್ಟುಸಿರಿಗೆ ನಮ್ಮ ಮನೆಯ ಹೆಂಚು ಹಾರಿವೆ ಅಂತ ಅವಳಿಗೆ ಹೇಳಿದೆ. ಇಬ್ಬರೂ ನಂಬಲಿಲ್ಲ. ನನ್ನ ಮಾತು ನಂಬದವರು ಊರಿನಲ್ಲಿ ಬಹಳ ಜನ ಇದ್ದಾರೆ, ಅದು ಅವರ ಗ್ರಹಚಾರ.

ಹುಣ್ಣಿಮೆಯ ಬೆಳಿಗ್ಗೆ ಲಕ್ಕಜ್ಜಿ ಜಾಡಿಯನ್ನು ಕೆಳಗಿಟ್ಟು ಮಗನ ಪಕ್ಕದಲ್ಲಿ ಕೂತಳು. ಅವಳು ಜಾಡಿ ಕೆಳಗಿಟ್ಟಿದ್ದನ್ನು ನಾನು ಅದೇ ಮೊದಲು ಕಂಡದ್ದು. ನಿನಗೆ ಹೆಣ್ಣು ಬೇಕೋ ಕುದುರೆ ಬೇಕೋ ಅಂತ ಕೇಳಿದಳು. ಮಾವ ಗೋಡೆಗೇ ಉತ್ತರ ಕೊಟ್ಟ. ಅವನಿಗೆ ನೋವಾದದ್ದು ಅವಳು ನಕ್ಕಿದ್ದಕ್ಕಲ್ಲವಂತೆ. ಅಷ್ಟು ವರ್ಷ ಒಬ್ಬ ಮನುಷ್ಯ ನಿಂತಿದ್ದಾನೆ, ಆ ಕೆಂಚ ಒಂದು ಸಲ ತಿರುಗಿ ನೋಡಲೂ ಇಲ್ಲವಲ್ಲ ಅನ್ನುವುದೇ ಅವನ ಸಂಕಟ. ಲಕ್ಕಜ್ಜಿ ತಿರುಗಿ ಜಾಡಿ ಎತ್ತಿಕೊಂಡಳು. "ನೋಡಲಿಲ್ಲ ಅಂತ ನಿನಗೆ ಹೇಳಿದವರು ಯಾರೋ? ಆ ಹುಡುಗಿಯ ಕಥೆ ಅರ್ಧ ಕೇಳಿ ಎದ್ದು ಬಂದೆಯಲ್ಲ."

ಸಂಜೆ ಚಪ್ಪರದಡಿಯಲ್ಲಿ ಎರಡು ಕೇರಿಯೂ ಸೇರಿತು. ಬಟ್ಟಲಿಗೆ ಹಾಲು ತುಂಬಿದರು. ಹಾಲು ಕಂಠದ ಮೇಲೆ ಉಬ್ಬಿ, ಉಸಿರು ತಾಗಿದರೂ ಚೆಲ್ಲುವ ಹಾಗೆ ನಿಂತಿತ್ತು. ಪಕ್ಕದಲ್ಲಿ ಪಾಯಸದ ಹಂಡೆಗಳು, ಅವುಗಳಿಗೆ ನನ್ನ ಬೆಣೆಗಳು. ಉಗ್ರಪ್ಪ ಕೈಕಟ್ಟಿ ಕೂತಿದ್ದ. ಬಸವಲಿಂಗು ಜರಿಪೇಟ ಸುತ್ತಿ, ಬಾಸಿಂಗವನ್ನು ಮಡಿಲಲ್ಲಿಟ್ಟುಕೊಂಡು, ಮೀಸೆಗೆ ನಿಂಬೆಹಣ್ಣು ಏರಿಸಿಕೊಂಡು ಸಿದ್ಧನಾಗಿದ್ದ. ಸಣ್ಣತಾಯಿ ಧಾರೆಸೀರೆಯಲ್ಲಿ ಬಂದು ಕೂತಳು. ಮಾವನ ಕಡೆಗೆ ನೋಡಲಿಲ್ಲ.

ಮೊದಲು ನಮ್ಮ ಸರದಿ. ಬಾವಿ ಕೇರಿಯೆಲ್ಲ ಅರಳೆ ತುರುಕಿಕೊಂಡಿತು. ಮಾವ ಬಲಗೈ ಚಾಚಿ ಮುಷ್ಟಿ ಕಟ್ಟಿ ಹೇಳತೊಡಗಿದ. ಅವತ್ತು ಅವನು ಹೇಳಿದ ಹಾಗೆ ಯಾವತ್ತೂ ಹೇಳಿರಲಿಲ್ಲ. ನೋವು ತಿಂದ ಗಂಟಲು. ಅಚಲರಾಯನ ಗಡ್ಡಕ್ಕೆ ಜೇಡ ಬಲೆ ಕಟ್ಟಿದ್ದು, ಕಾಲ ಬೆರಳ ಸಂದಿಯಲ್ಲಿ ಹುಲ್ಲು ಮೊಳೆತದ್ದು ಕೇಳಿ ನಮ್ಮ ಕಡೆ ಕಲ್ಲಿನ ಕಂಬಗಳೂ ಮೂಗು ಸೀಟಿದವು. ನೆಲ ನಮ್ಮ ಕಡೆಗೆ ಜರುಗತೊಡಗಿತು. ಹಾಲು ಬಟ್ಟಲಿನ ಅಂಚಿಗೆ ಬಂತು. ಇನ್ನೊಂದು ಮಾತು ಹೊಗಳಿದರೆ ಸಾಕಿತ್ತು. ಬಸವಲಿಂಗು ಬಾಸಿಂಗ ಕೈಗೆತ್ತಿಕೊಂಡ. ನಮ್ಮ ಕೇರಿಯ ಮೂರ್ಖರು ಮದುವೆ ಮರೆತು, ಗೆಲ್ಲುವ ಹುರುಪಿನಲ್ಲಿ ಇನ್ನೂ ಹೇಳು ಅಂತ ಕೂಗಿದರು. ಆ ಮೂರ್ಖರ ಪೈಕಿ ಯಾರ ದನಿ ಜೋರಾಗಿತ್ತು ಅಂತ ಕೇಳಬೇಡಿ. ನನ್ನ ದನಿಯೇ ಹಾಗೆ, ಪಿಸುಗುಟ್ಟಿದರೂ ಗುಡುಗುತ್ತದೆ.

ಮಾವ ನಿಲ್ಲಿಸಿದ. ಚಾಚಿದ ಕೈ ಹಾಗೆಯೇ ಇತ್ತು. ಎಡಗೈಯಿಂದ ಮಡಿಲಿನ ಅರಳೆಯ ಉಂಡೆ ತೆಗೆದ. ಈಗ ಅದನ್ನು ಕಿವಿಗೆ ಇಟ್ಟುಕೊಂಡು, ಸಣ್ಣತಾಯಿಯ ಸರದಿ ಮುಗಿಯುವ ತನಕ ಕೂರಬೇಕು. ಅವನು ಅದನ್ನು ಕೊಳಕ್ಕೆ ಎಸೆದ. ಎರಡು ಕೇರಿಯೂ ಒಂದೇ ಸಲ ಉಸಿರು ಎಳೆದುಕೊಂಡು, ಚಪ್ಪರದ ಬಟ್ಟೆ ಒಳಕ್ಕೆ ಜಗ್ಗಿತು. ಆಮೇಲೆ ಅವನು ಮುಂದೆ ಬಗ್ಗಿ, ಸಣ್ಣತಾಯಿಗೆ ಅವಳ ಅರಳೆಯನ್ನೂ ತೆಗೆ ಅಂತ ಸನ್ನೆ ಮಾಡಿದ. ಅವಳು ತೆಗೆದಳು.

"ಅವನು ತಿರುಗಿ ಯಾಕೆ ಬರಲಿಲ್ಲ?" ಅಂತ ಕೇಳಿದ.

ಅದನ್ನು ವಾದಿಸುವವನ ಹಾಗೆ ಕೇಳಲಿಲ್ಲ. ಕುದುರೆಯನ್ನು ಹಿಡಿದು ನಿಂತವನೇ ಕೇಳಿದ ಹಾಗಿತ್ತು. ಸಣ್ಣತಾಯಿ ಅವನ ತೋಳನ್ನು ನೋಡಿದಳು.

"ಬಂದ," ಅಂದಳು.

ಬಾವಿ ಕೇರಿಯವರು ಅವಳ ತುಟಿ ಆಡಿದ್ದು ಕಂಡು, ತಮ್ಮ ಸರದಿ ಬಂತೆಂದು ಅರಳೆ ತೆಗೆದರು. ನಮ್ಮವರು ತುರುಕಿಕೊಳ್ಳಬೇಕಿತ್ತು, ಆದರೆ ಮಾವ ಕೇಳುತ್ತಿರುವುದು ಏನು ಅಂತ ತಿಳಿಯುವ ಚಪಲಕ್ಕೆ ಉಂಡೆಗಳು ಕೈಯಲ್ಲೇ ಉಳಿದವು. ಹೀಗೆ ನಮ್ಮೂರು ಹುಟ್ಟಿದ ಮೇಲೆ ಮೊದಲ ಬಾರಿ ಎರಡು ಕೇರಿಯ ಕಿವಿಗಳೂ ಒಟ್ಟಿಗೆ ತೆರೆದುಕೊಂಡವು. ಕೆಲವರ ಕಿವಿಯಲ್ಲಿ ಅಜ್ಜನ ಕಾಲದ ಅರಳೆಯಿತ್ತು, ತೆಗೆದಾಗ ಅಜ್ಜನ ಬೈಗುಳವೂ ಒಂದೆರಡು ಹೊರಗೆ ಬಿದ್ದವು.

ಸಣ್ಣತಾಯಿ ಹೇಳಿದಳು. ಕೆಂಚ ಎಲ್ಲ ರಾಜರಿಗೂ ಕೈಕೊಟ್ಟು, ಪಂಚೆಯ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಮನೆಗೆ ಹೊರಟ. ಹಳ್ಳದ ದಂಡೆಗೆ ಬಂದು ಆಚೆ ನೋಡಿದ. ಬನ್ನಿಮರದ ಹತ್ತಿರ ಒಂದು ಬೆರ್ಚಪ್ಪ, ಹೊಲದಲ್ಲಿ ನಿಲ್ಲಿಸುವ ಬೆದರುಗೊಂಬೆ, ನಿಂತಿತ್ತು, ಮುರುಕು ಕೈ ಚಾಚಿಕೊಂಡು. ಕೆಂಚ ಅದನ್ನು ನೋಡಿ ಬಹಳ ಹೊತ್ತು ನಿಂತ. ಎಲ್ಲಿಯೂ ನಿಲ್ಲದವನು ಅಲ್ಲಿ ನಿಂತ. ಆಮೇಲೆ ಸಂಕ ದಾಟದೆ, ಬೆಟ್ಟ ಸುತ್ತಿ ಬೇರೆ ದಾರಿ ಹಿಡಿದ. ಆ ಸುತ್ತು ದಾರಿಯಲ್ಲೇ ಉಪ್ಪೆಲ್ಲ ಸೋರಿ ಮುಗಿದದ್ದು, ಮನೆಗೆ ಬಂದಾಗ ಸೆರಗಿನಲ್ಲಿ ಚಿಟಿಕೆ ಉಳಿದದ್ದು. "ನಾವು ಅದನ್ನು ಹೇಳಿ ನಗುತ್ತಿದ್ದೆವು," ಅಂದಳು. "ಕೆಂಚ ಬೆರ್ಚಪ್ಪನಿಗೆ ಹೆದರಿದ ಅಂತ. ಅದು ಬೆರ್ಚಪ್ಪ ಅಲ್ಲ ಅಂತ ನನಗೆ ಗೊತ್ತಾದದ್ದು ಮೊನ್ನೆ, ಮೆಟ್ಟಿಲಿಂದ ನೀನು ಎದ್ದು ಹೋದ ಮೇಲೆ. ಅವನಿಗೆ ಹೆದರಿಕೆಯಾಗಿರಲಿಲ್ಲ. ನಾಚಿಕೆಯಾಗಿತ್ತು."

ಉಗ್ರಪ್ಪ ಬೊಚ್ಚುಬಾಯಿ ತೆರೆದುಕೊಂಡೇ ಇದ್ದ. ಆಯುಸ್ಸೆಲ್ಲ ಆ ಬೆರ್ಚಪ್ಪನ ಭಾಗ ಹೇಳಿ ಜನರನ್ನು ನಗಿಸಿದವನು ಅವನು. ಹಾಲು ಅಂಚಿನ ಮೇಲೆ ನಡುಗುತ್ತಿತ್ತು. ಎರಡು ಕಾವ್ಯದಲ್ಲೂ ಅದರ ಮುಂದೆ ಏನೂ ಇಲ್ಲ. ನಮ್ಮದರಲ್ಲಿ ಅವನು ನಿಂತೇ ಇರುತ್ತಾನೆ, ಅವರದರಲ್ಲಿ ಇವನು ಸುತ್ತಿಕೊಂಡು ಹೋಗುತ್ತಾನೆ.

ಸಣ್ಣತಾಯಿ ಎದ್ದಳು. ಧಾರೆಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಇಡುತ್ತ, ಒಂಟಿ ದಿಮ್ಮಿಯ ಸಂಕ ದಾಟುವವಳ ಹಾಗೆ ಮಾವನ ಹತ್ತಿರಕ್ಕೆ ಬಂದಳು. ಅವಳ ಕೆಂಚ ಇಡದ ಹೆಜ್ಜೆಗಳು ಅವು. ಬಂದು, ಅವನ ಮುಷ್ಟಿಯ ಕೆಳಗೆ ಅಂಗೈ ಚಾಚಿದಳು.

"ತಡವಾಯಿತು," ಅಂದಳು. "ಕೊಡು, ಸಾಕು."

ಮಾವ ಅವಳ ಮುಖ ನೋಡಿದ. ಆಮೇಲೆ ಬೆರಳುಗಳನ್ನು ಒಂದೊಂದೇ ಬಿಚ್ಚಿ, ಇಲ್ಲದ ಲಗಾಮನ್ನು ಅವಳ ಅಂಗೈಯಲ್ಲಿಟ್ಟ. ಅಷ್ಟು ವರ್ಷ ಇಳಿಯದ ಕೈ ಅವಳ ಕೈಯ ಮೇಲೆ ಇಳಿಯಿತು.

ಆಗ ಊರಿಗೆ ದಿಕ್ಕು ತೋಚದಾಯಿತು. ಒಬ್ಬ ನಾಯಕ ಆ ಕೇರಿಯಲ್ಲಿ, ಇನ್ನೊಬ್ಬ ಈ ಕೇರಿಯಲ್ಲಿ ಇದ್ದರೆ ಅತ್ತ ವಾಲಬಹುದು, ಇತ್ತ ವಾಲಬಹುದು. ಇಬ್ಬರೂ ಬಂದು ಒಂದೇ ಮರದ ಕೆಳಗೆ ನಿಂತರೆ ಏನು ಮಾಡುವುದು? ಇಬ್ಬರ ತೂಕವೂ ಕಟ್ಟೆಯ ಮೇಲೆ ಬಿದ್ದು ಊರಿನ ನಡುವೇ ಕೆಳಗೆ ಕುಸಿಯಿತು. ಎರಡು ಕೇರಿಯ ಕೊನೆಗಳೂ ಮೇಲೆದ್ದು ಊರು ಬಾಣಲೆಯಂತಾಯಿತು. ಗಾಣದ ಕೇರಿ ಮೇಲಿನಿಂದ ಜಾರಿತು, ಬಾವಿ ಕೇರಿ ಎದುರಿನಿಂದ ಜಾರಿತು, ಬೀಗರು, ಆಡು, ಬೀಸುಕಲ್ಲು, ಹಂಡೆ, ಪಂಚಾಯಿತಿ ಎಲ್ಲವೂ ಕಟ್ಟೆಯ ಸುತ್ತ ರಾಶಿಯಾಗಿ ಬಿದ್ದವು. ಪಾಯಸ ನೇರವಾಗಿ ಜನರ ಬಾಯಿಗೇ ಹರಿಯಿತು, ಬಡಿಸುವ ಕೆಲಸ ಉಳಿಯಿತು. ಉಗ್ರಪ್ಪ ಬಂದು ಲಕ್ಕಜ್ಜಿಯ ಮಡಿಲಿಗೆ ಬಿದ್ದ. ಅವಳು ಜಾಡಿ ಸರಿಸಿ ಅವನಿಗೆ ಜಾಗ ಕೊಟ್ಟಳು. ಬಸವಲಿಂಗುವಿನ ನಿಂಬೆಹಣ್ಣು ಅವತ್ತು ಕಡೆಗೂ ಬಿದ್ದವು.

ಬಾಣಲೆಯ ತಳದಲ್ಲಿ, ಎಲ್ಲರ ನಡುವೆ, ಹಾಲಿನ ಬಟ್ಟಲು ನೆಟ್ಟಗೆ ನಿಂತಿತ್ತು. ಅಂಚಿಗೆ ಬಂದಿದ್ದ ಹಾಲು ಹಿಂದೆ ಸರಿದು ಸಮನಾಗಿತ್ತು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಉಗ್ರಪ್ಪ ಲಕ್ಕಜ್ಜಿಯ ಮಡಿಲಿನಿಂದ ಕತ್ತು ಚಾಚಿ ಅದನ್ನು ಒಂದು ಕಡೆಯಿಂದ ನೋಡಿದ, ಇನ್ನೊಂದು ಕಡೆಯಿಂದ ನೋಡಿದ. ಆಮೇಲೆ, ಯಾರ ಕೇರಿಯೂ ಮೇಲಿಲ್ಲದ್ದರಿಂದ ತನ್ನದೇನೂ ಅಭ್ಯಂತರವಿಲ್ಲ ಅಂದು ಬಟ್ಟಲು ಎತ್ತಿ ಇಬ್ಬರ ಕೈಗಳ ಮೇಲೆ ಹಾಲೆರೆದ. ಹೀಗೆ ನಮ್ಮ ಮಾವನ ಮದುವೆಯಾಯಿತು. ಬಟ್ಟಲಿನಲ್ಲಿ ಉಳಿದ ಹಾಲನ್ನು ಕುಡಿದವನು ನಾನು, ಅಂದಿನಿಂದ ನನಗೆ ಒಂದು ತಲೆನೋವೂ ಬಂದಿಲ್ಲ.

ಊರು ಈಗಲೂ ಬಾಣಲೆಯಾಗಿಯೇ ಇದೆ. ನೀರು ನಡುವೆ ನಿಲ್ಲುತ್ತದೆ, ಎರಡು ಕೇರಿಯವರೂ ಇಳಿದು ಬಂದು ತುಂಬಿಕೊಳ್ಳುತ್ತಾರೆ. ಬಚ್ಚಲ ನೀರೂ ನಡುವೆಯೇ ಬರುತ್ತದೆ, ಅದಕ್ಕೊಂದು ಕಾಲುವೆ ತೋಡುವ ಮಾತು ನಡೆದಿದೆ. ಇನ್ನು ಸಮನೆಲವಾಗಿ ಬೆಣೆಯ ಕಸುಬು ಮುಳುಗಿತು ಅಂತ ನಾನು ಮೂರು ದಿನ ಅತ್ತೆ, ಆದರೆ ಬಾಣಲೆಯಲ್ಲಿ ಎಲ್ಲ ಮಂಚಕ್ಕೂ ಬೆಣೆ ಬೇಕು. ಮಾವ ಮತ್ತು ಸಣ್ಣತಾಯಿ ಅತ್ತೆ ಕಟ್ಟೆಯ ಪಕ್ಕದಲ್ಲೇ ಮನೆ ಮಾಡಿದ್ದಾರೆ. ಮದುವೆಯಾದ ಮೇಲೆ ಅವನು ಕೆಂಚನ ಪಕ್ಷ, ಅವಳು ಅಚಲರಾಯನ ಪಕ್ಷ. ದಿನಾ ಬೆಳಿಗ್ಗೆ ಜಗಳ ಹತ್ತಿ ಅವರ ಮನೆಯೊಂದು ಮಾತ್ರ ಅತ್ತಿತ್ತ ವಾಲುವುದನ್ನು ನಾವು ಕಾಫಿ ಕುಡಿಯುತ್ತ ನೋಡುತ್ತೇವೆ.

ಮೊನ್ನೆ ಅತ್ತೆ ಮಾವನನ್ನು ಉಪ್ಪು ತರಲು ಕಳಿಸಿದಳು. ನಾನು ಆಗತಾನೇ ಸಂತೆಯಿಂದ ಒಂದು ಕರು ತಂದಿದ್ದೆ. ಕೊಂಬು ಇನ್ನೂ ಮೂಡದ, ಆನೆಯಷ್ಟು ಪುಷ್ಟಿಯಾದ ಕರು. ಉಪ್ಪಿನ ಪೊಟ್ಟಣ ಹಿಡಿದು ಬರುತ್ತಿದ್ದ ಮಾವನನ್ನು ಕಂಡು ನನ್ನ ನಾಲಿಗೆ ಸುಮ್ಮನಿರಲಿಲ್ಲ. ಒಂದು ಗಳಿಗೆ ಈ ಕರು ಹಿಡಿದುಕೋ ಮಾವ ಅಂತ ಹಗ್ಗ ಅವನ ಕೈಗಿಟ್ಟು ಗೋಡೆಯ ಹಿಂದೆ ಅವಿತುಕೊಂಡೆ. ಅವನು ಹಗ್ಗ ನೋಡಿದ, ಉಪ್ಪು ನೋಡಿದ, ಮನೆಯ ಕಡೆಯ ಹೊಗೆ ನೋಡಿದ. ಆಮೇಲೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಉಪ್ಪು ಹಿಡಿದು ನೇರ ಮನೆಗೆ ನಡೆದ.

ಸಂಜೆ ಕರು ಕೇಳಲು ಹೋದೆ. ಅತ್ತೆ ಅದಕ್ಕೆ ಆಗಲೇ ಹುಲ್ಲು ಹಾಕಿ,  ಕೊರಳಿಗೆ ಗೆಜ್ಜೆ ಕಟ್ಟಿ, ಹಗ್ಗದ ತುದಿಯನ್ನು ಗಂಡನ ಕೈಯಲ್ಲೇ ಇಟ್ಟಿದ್ದಳು.

"ಹಿಡಿದುಕೊಂಡೇ ಇದ್ದಾರಲ್ಲ ಜವರ," ಅಂದಳು. "ಎಲ್ಲಿ ನಿಂತು ಹಿಡಿಯಬೇಕು ಅಂತ ನೀನು ಹೇಳಿದ್ದೆಯಾ?"